ದಾರದ ಬಾಲ

ಆ ಮನೆಯಲ್ಲಿ ಧಾರಾಳವಾಗಿ ಬೆಳಕು ಬೀಳುತ್ತಿದ್ದ ಕೋಣೆ ಒಂದೇ. ಮಹಡಿಯ ಮೇಲೆ, ಬೀದಿಯ ಕಡೆಗೆ, ಎರಡು ದೊಡ್ಡ ಕಿಟಕಿಗಳದು. ಅದರಲ್ಲಿ ಹಿರಿಸೊಸೆಯ ಕಸೂತಿ ಸಾಮಾನು ಇಪ್ಪತ್ತು ವರ್ಷದಿಂದ ಬಿಡಾರ ಹೂಡಿತ್ತು. ಸಾಮಾನು ಅಂತ ಮರ್ಯಾದೆಗೆ ಹೇಳಬೇಕು. ಬಿಸ್ಕತ್ತಿನ ತಗಡು ಡಬ್ಬಿಗಳು, ಬಾಯಿ ಬಿಗಿದ ದಿಂಬಿನ ಚೀಲಗಳು, ಕುರ್ಚಿಯ ಬೆನ್ನಿಗೆ ಜೋತುಬಿದ್ದ ದಾರದ ಲಡಿಗಳು, ಕಿವಿ ಮುರಿದ ಕಪ್ಪಿನಲ್ಲಿ ಗುಂಡಿಗಳು, ಹಳೆಯ ದಿಂಬೊಂದರ ಮೇಲೆ ಸಾಲಾಗಿ ಚುಚ್ಚಿಟ್ಟ ಐವತ್ತು ಸೂಜಿಗಳು, ಒಂದೊಂದಕ್ಕೂ ಆಗಲೇ ದಾರ ಪೋಣಿಸಿದ್ದು. ಹೊರಗಿನವರಿಗೆ ಒಳಗೆ ಕಾಲಿಡಲು ಜಾಗ ಹುಡುಕಬೇಕಾಗುತ್ತಿತ್ತು. ಹಿರಿಸೊಸೆ ಮಾತ್ರ ಕೂತಲ್ಲಿಂದಲೇ ಕೈ ಚಾಚಿ, ನೋಡದೆಯೇ, ಬೇಕಾದ್ದನ್ನು ಎತ್ತಿಕೊಳ್ಳುತ್ತಿದ್ದಳು. ಅವಳು ಹೊಲಿದ ಗೋಡೆಪರದೆಗಳಿಗೆ ಪೇಟೆಯ ದೊಡ್ಡ ಕರಕುಶಲ ಅಂಗಡಿಯಲ್ಲಿ ಗಿರಾಕಿಗಳು ತಿಂಗಳುಗಟ್ಟಲೆ ಕಾಯುತ್ತಿದ್ದರು.

ಕಿರಿಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಾತ್ರೆಗಳನ್ನು ಅಕ್ಷರದ ಪ್ರಕಾರ ಖಾನೆಗಳಲ್ಲಿ ಜೋಡಿಸುವುದು, ಖಾನೆಗೆ ಚೀಟಿ ಅಂಟಿಸುವುದು, ಚೀಟಿ ಸೊಟ್ಟಗಾದರೆ ಕಿತ್ತು ಮತ್ತೆ ಅಂಟಿಸುವುದು ಅವಳ ವೃತ್ತಿಯೂ ಹೌದು, ಹುಚ್ಚೂ ಹೌದು. ಖಾಲಿಯಾದ ಮಾತ್ರೆ ಡಬ್ಬಿಗಳನ್ನು ಅವಳು ಬಿಸಾಡುತ್ತಿರಲಿಲ್ಲ. ಮನೆಗೆ ತಂದು, ಕತ್ತರಿಸಿ, ಮಡಚಿ, ಅಂಟಿಸಿ ಬೆರಳುದ್ದದ ಮನೆಗಳನ್ನು ಮಾಡುತ್ತಿದ್ದಳು. ಕಿಟಕಿಗೆ ಕಂಬಿ, ಬಾಗಿಲಿಗೆ ಚಿಲಕ, ಅಂಗಡಿಗೆ ಫಲಕ ಎಲ್ಲವೂ ಇದ್ದ ಮನೆಗಳು. ಹಾಗೆ ಮಾಡಿದ ಎಪ್ಪತ್ತು ಮನೆಗಳ ಒಂದು ಊರೇ ಅವಳ ಮಂಚದಡಿ ಸೂಟ್‌ಕೇಸಿನೊಳಗೆ ಕತ್ತಲಲ್ಲಿ ಮಲಗಿತ್ತು. ಅದನ್ನು ಒಮ್ಮೆಯಾದರೂ ಹರಡಿ ನೋಡಬೇಕು, ಬೀದಿಗಳನ್ನು ಬಿಡಿಸಬೇಕು ಅನ್ನುವುದು ಅವಳ ಆಸೆ. ಅದಕ್ಕೆ ಬೇಕಾಗಿದ್ದದ್ದು ಮಹಡಿಯ ಕೋಣೆಯ ಆ ಉದ್ದನೆ ಮೇಜಿನ ಅರ್ಧ ಭಾಗ.

ಕೇಳಿಯೂ ಕೇಳಿದ್ದಳು, ಒಂದು ಮಧ್ಯಾಹ್ನ, ಬೆಣ್ಣೆ ಹಚ್ಚಿದ ದನಿಯಲ್ಲಿ.

"ಅಕ್ಕ, ಮೇಜಿನ ಆ ಕಡೆ ಸುಮ್ನೆ ಬಿದ್ದಿದೆಯಲ್ಲ. ನಾನೂ ಸಂಜೆ ಹೊತ್ತು ಕೂತ್ಕೊಂಡು ಏನಾದ್ರೂ ಮಾಡ್ಲಾ?"

"ನಿನ್ನ ಮಾತ್ರೆ ಡಬ್ಬಿ ಊರಾ?" ಹಿರಿಸೊಸೆ ಹೊಲಿಗೆಯಿಂದ ಮುಖ ಎತ್ತಲಿಲ್ಲ. "ಬೇಡ ಕಣೇ. ಇಲ್ಲಿರೋ ಕಸಾನೇ ಸಾಕು. ಈ ಕೋಣೇಲಿ ಯಾರೂ ಏನೂ ಮುಟ್ಟಬಾರದು."

ಎಪ್ಪತ್ತು ಮನೆಯ ಊರನ್ನು ಒಂದೇ ಮಾತಿನಲ್ಲಿ ಕಸ ಅಂದುಬಿಟ್ಟರೆ ಯಾರಿಗೆ ಆದರೂ ಉರಿಯುತ್ತದೆ. ಕಿರಿಸೊಸೆ ನಕ್ಕು ಕೆಳಗಿಳಿದಳು. ಆ ನಗು ಅವಳ ಮುಖದಲ್ಲಿ ನಾಲ್ಕು ತಿಂಗಳು ಹಾಗೇ ಅಂಟಿಕೊಂಡಿತ್ತು.

ನಾಲ್ಕು ತಿಂಗಳ ಮೇಲೆ ಹಿರಿಸೊಸೆಯ ತವರಿನ ಕಡೆ ಯಾರಿಗೋ ಮೊಣಕಾಲಿನ ಆಪರೇಷನ್ ಆಯಿತು. ಅವಳು ಮೂರು ದಿನಕ್ಕೆ ಹೊರಟಳು. ಒಬ್ಬಳೇ ಹೋಗುವುದು ಬೇಡವೆಂದು ಅವಳ ಗಂಡ, ಅಂದರೆ ಕಿರಿಸೊಸೆಯ ಭಾವ, ಜೊತೆಗೆ ಹೊರಟ. ಭಾವ ಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡು, ಮಾತಿಗಿಂತ ಟಿಕ್‌ಟಿಕ್ ಶಬ್ದವೇ ಹಿತವೆಂದು ಬದುಕಿದವನು. ಇಬ್ಬರೂ ಬಸ್ಸು ಹತ್ತಿದ ಅರ್ಧ ಗಂಟೆಗೆ ಕಿರಿಸೊಸೆ ಔಷಧಿ ಅಂಗಡಿಗೆ ಫೋನು ಮಾಡಿ ಜ್ವರ ಅಂದಳು. ಅವಳ ಹತ್ತಿರ ಒಂದು ಪತ್ರಿಕೆಯ ಪುಟ ಇತ್ತು. ಬಿಳಿ ಕೋಣೆ, ಸಾಲು ಸಾಲು ಪಾರದರ್ಶಕ ಡಬ್ಬಿಗಳು, ಕೆಳಗೊಂದು ಮಾತು: 'ಜಾಗ ಅಚ್ಚುಕಟ್ಟಾದರೆ ಕಲ್ಪನೆಗೆ ರೆಕ್ಕೆ ಬರುತ್ತದೆ.' ಅಕ್ಕನಿಗೆ ರೆಕ್ಕೆ ಬರಿಸುವ ಕಾರ್ಯಕ್ಕೆ ಅವಳು ತೋಳೇರಿಸಿದಳು. ಜೋಡಿಸಿಟ್ಟ ಮೇಲೆ ಮೇಜಿನ ಅರ್ಧ ತಾನಾಗಿಯೇ ಖಾಲಿಯಾಗುತ್ತದೆ, ಖಾಲಿ ಜಾಗವನ್ನು ಯಾವ ಬಾಯಿಂದ ಇಲ್ಲ ಅಂತಾಳೆ, ಅನ್ನುವ ಲೆಕ್ಕಾಚಾರ ಒಳಗೆ ಇತ್ತು.

ತಗಡು ಡಬ್ಬಿಗಳು ಗುಜರಿಗೆ ಹೋದವು. ಚೀಲಗಳನ್ನು ನೆಲಕ್ಕೆ ಸುರಿದಾಗ ಇನ್ನೂರ ಹನ್ನೆರಡು ಲಡಿಗಳು ಸಿಕ್ಕವು. ಅವುಗಳಲ್ಲೊಂದು ವಿಚಿತ್ರವಿತ್ತು. ಪ್ರತಿ ಲಡಿಯ ತುದಿಯೂ ಇಲಿಯ ಬಾಲದ ಹಾಗೆ ಹೊರಗೆ ಚಾಚಿತ್ತು, ಹೆಚ್ಚಿನ ಬಾಲಗಳಲ್ಲಿ ಗಂಟುಗಳು. ಒಂದಕ್ಕೆ ಒಂದು, ಇನ್ನೊಂದಕ್ಕೆ ಮೂರು, ಮತ್ತೊಂದಕ್ಕೆ ನಾಲ್ಕು. ಕಿರಿಸೊಸೆಗೆ ಮೈಯೆಲ್ಲ ಕಡಿದ ಹಾಗಾಯಿತು. ಇಷ್ಟು ಒಳ್ಳೆಯ ದಾರವನ್ನು ಯಾರಾದರೂ ಹೀಗೆ ಇಟ್ಟುಕೊಳ್ಳುತ್ತಾರೆಯೇ? ಅವಳು ತನ್ನ ಚೂಪು ಕತ್ತರಿ ತಂದು ಇನ್ನೂರ ಹನ್ನೆರಡು ಬಾಲಗಳನ್ನೂ ನೀಟಾಗಿ ಕತ್ತರಿಸಿದಳು. ಐವತ್ತು ಸೂಜಿಗಳ ದಾರವನ್ನೂ ಎಳೆದು ಬಿಸಾಡಿ, ಸೂಜಿಗಳನ್ನು ಗಾತ್ರದ ಪ್ರಕಾರ ಪೊಟ್ಟಣ ಕಟ್ಟಿದಳು. ನಲವತ್ತೆಂಟು ಡಬ್ಬಿ, ನಲವತ್ತೆಂಟು ಚೀಟಿ, ಮುತ್ತು ಪೋಣಿಸಿದಂಥ ಅಕ್ಷರ: ತಿಳಿ ಹಸಿರು, ಎಲೆ ಹಸಿರು, ಗಾಢ ಹಸಿರು. ಮೂಲೆಯಲ್ಲಿ ಒಂದು ಪುಟ್ಟ ಬುಟ್ಟಿ ಇಟ್ಟು ಅದಕ್ಕೂ 'ಕಸ' ಎಂದು ಚೀಟಿ ಅಂಟಿಸಿದಳು. ಮೇಜಿನ ಅರ್ಧ ಭಾಗ ಖಾಲಿಯಾಗಿ ಬಿಸಿಲಲ್ಲಿ ಹೊಳೆಯಿತು.

ಮೂರನೆಯ ದಿನ ಸಂಜೆ ಹಿರಿಸೊಸೆ ಬಂದಳು. ಕಿರಿಸೊಸೆ ಅವಳ ಕೈ ಹಿಡಿದು ಮಹಡಿ ಹತ್ತಿಸಿ, ಬಾಗಿಲು ತೆರೆದು, ಪಕ್ಕಕ್ಕೆ ನಿಂತಳು.

ಹಿರಿಸೊಸೆ ಕುರ್ಚಿ ಇರುತ್ತಿದ್ದ ಕಡೆ ನಡೆದಳು; ಕುರ್ಚಿ ಅಲ್ಲಿರಲಿಲ್ಲ. ಎಡಗೈ ಚಾಚಿದಳು, ಚೀಲ ಇರಲಿಲ್ಲ, ನುಣುಪಾದ ಪ್ಲಾಸ್ಟಿಕ್ ತಾಕಿತು. ಆ ಕೈ ಒಂದು ಡಬ್ಬಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಯಿತು. ಮುಚ್ಚಳ ತೆಗೆದು ಲಡಿಯ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು. ಇನ್ನೊಂದರದ್ದು ಸವರಿದಳು.

"ಬಾಲ ಇತ್ತಲ್ಲ ಇವಕ್ಕೆ."

"ಅಂದಗೇಡಿಯಾಗಿತ್ತು ಅಕ್ಕ, ಕತ್ತರಿಸಿದೆ. ಮುನಿಸಿಪಾಲಿಟಿ ಗಾಡಿಗೂ ಹಾಕಿಬಿಟ್ಟೆ. ಹೇಗಿದೆ ಕೋಣೆ?"

ಹಿರಿಸೊಸೆ ಸೋಲನ್ನು ಒಪ್ಪದವರು ನಗುವ ನಗು ನಕ್ಕು, ಕೈಗೆ ಸಿಕ್ಕ ಒಂದು ಡಬ್ಬಿಯನ್ನು ಎತ್ತಿ ಹಿಡಿದಳು. "ತುಂಬಾ ಚೆನ್ನಾಗಿದೆ ಕಣೇ. ಈ ಕೆಂಪು ನೋಡು, ಎಷ್ಟು ಎದ್ದು ಕಾಣ್ತಿದೆ."

ಅವಳ ಕೈಯಲ್ಲಿ ಇದ್ದದ್ದು ಎಲೆ ಹಸಿರು.

ಕಿರಿಸೊಸೆ ಹೂಂ ಅಂದು ಕೆಳಗೆ ಹೊರಟಳು. ಮೆಟ್ಟಿಲಿಳಿಯುವಷ್ಟರಲ್ಲಿ ಒಂದೊಂದೇ ನೆನಪಾಯಿತು. ಅಕ್ಕ ಪತ್ರಿಕೆ ಓದುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಮಾತನಾಡುವಾಗ ಎದುರಿನವರ ಮುಖ ನೋಡದೆ ಕಿವಿಯ ಪಕ್ಕ ನೋಡುತ್ತಿದ್ದಳು. ಹಾಗೆ ನೋಡುವವರು ಔಷಧಿ ಅಂಗಡಿಗೆ ಕಣ್ಣಿನ ಹನಿಗಾಗಿ ಬರುತ್ತಿದ್ದರು. ದೃಷ್ಟಿಯ ನಡುಭಾಗ ಮಸುಕಾಗಿ, ಬಣ್ಣ ಕಲಸಿ, ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುವ ಕಾಯಿಲೆ. ಅಕ್ಕ ಅದನ್ನು ಎಲ್ಲರಿಂದ ಮುಚ್ಚಿಟ್ಟಿದ್ದಳು. ಕಣ್ಣಿಲ್ಲವೆಂದು ಗೊತ್ತಾದರೆ ಕರಕುಶಲ ಅಂಗಡಿಯಾಕೆ ಕೆಲಸ ಬೇರೆಯವರಿಗೆ ಕೊಡುತ್ತಾಳೆ, ಕೆಲಸ ಹೋದರೆ ಆ ಕೋಣೆ ಯಾತಕ್ಕೆ?

ಯಾತಕ್ಕೆ? ಈ ಪ್ರಶ್ನೆ ಕಿರಿಸೊಸೆಗೆ ಬಹಳ ರುಚಿಸಿತು. ಅಯ್ಯೋ ಪಾಪ ಅನ್ನಿಸಲಿಲ್ಲವೇ ಅಂದರೆ, ಅನ್ನಿಸಿತು. ಆ ಪಾಪ ಕೈಕಾಲು ತೊಳೆದುಕೊಳ್ಳುವಷ್ಟು ಹೊತ್ತೂ ಬಾಳಲಿಲ್ಲ.

ಆ ವಾರವಿಡೀ ಅವಳು ಅಕ್ಕನನ್ನು ಆಡಿಸಿದಳು. ಊಟದ ನಡುವೆ ಎದ್ದು, "ಅಕ್ಕ, ನನ್ನ ರವಿಕೆ ಬಿಚ್ಚಿಕೊಂಡಿದೆ, ನೇರಳೆ ದಾರ ಒಂಚೂರು ಕೊಡ್ತೀರಾ?" ಅನ್ನುವಳು. ಅಕ್ಕ ಡಬ್ಬಿಗಳ ಮುಂದೆ ನಿಂತು ಚೀಟಿಗೆ ಮೂಗು ತಾಗಿಸುವುದನ್ನು ಬಾಗಿಲ ಸಂದಿಯಿಂದ ನೋಡುವಳು. "ಎಲ್ಲೋ ಇಟ್ಟಿದೀಯ, ನೀನೇ ತಗೋ" ಎಂದು ಅಕ್ಕ ಹೇಳಿದಾಗ, "ಅಲ್ಲೇ ಇದೆಯಲ್ಲ ಅಕ್ಕ, ನಿಮ್ಮ ಕಣ್ಣೆದುರಿಗೇ" ಅನ್ನುವಳು. ಆ ಸಂತೋಷಕ್ಕೆ ಅವಳು ಹೊಟ್ಟೆತುಂಬ ಊಟ ಮಾಡಿ, ಕಣ್ತುಂಬ ನಿದ್ದೆ ಮಾಡಿದಳು.

ನಾಲ್ಕನೆಯ ದಿನದಿಂದ ಭಾವ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮನೆಗೆ ಬರತೊಡಗಿದ. ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಶನಿವಾರ ಅವರಿಬ್ಬರೂ ಆಸ್ಪತ್ರೆಗೆ ಹೋದಾಗ ಕಿರಿಸೊಸೆ ಮೇಲೆ ಹತ್ತಿ ಡಬ್ಬಿಗಳನ್ನು ತೆರೆದಳು. ಅರ್ಧದಷ್ಟು ಲಡಿಗಳಿಗೆ ಬಾಲ ಮತ್ತೆ ಹುಟ್ಟಿತ್ತು. ಈಗ ಅವಳಿಗೆ ಲಿಪಿ ಓದಲು ಬಂತು. ಕೆಂಪಿಗೆ ಒಂದು ಗಂಟು, ಹಳದಿಗೆ ಎರಡು, ಹಸಿರಿಗೆ ಮೂರು, ನೀಲಿಗೆ ನಾಲ್ಕು. ಗಂಟಿಲ್ಲದ್ದು ಕಪ್ಪು. ಭಾವ ಬಣ್ಣ ಹೇಳುವುದು, ಅಕ್ಕ ಗಂಟು ಹಾಕುವುದು. ಸೂಜಿಗಳಿಗೆ ದಾರ ಪೋಣಿಸಿಡುತ್ತಿದ್ದದ್ದೂ ಭಾವನೇ. ಎರಡು ವರ್ಷದಿಂದ ಗಂಡಹೆಂಡತಿ ಹೀಗೇ ಸಂಸಾರ ನಡೆಸಿದ್ದರು.

ತಿಳಿಯದೆ ಕತ್ತರಿಸಿದ್ದಕ್ಕೆ ಯಾರೂ ಯಾರನ್ನೂ ಏನೂ ಅನ್ನುವಂತಿಲ್ಲ. ಆದರೆ ಈ ಸಲ ಅವಳು ತಿಳಿದೇ ಕತ್ತರಿ ತೆಗೆದುಕೊಂಡಳು. ಮುಂದಿನ ವಾರ ಅಂಗಡಿಯಾಕೆ ಬರುವವಳಿದ್ದಳು, ಹೋಟೆಲೊಂದರ ಹಜಾರಕ್ಕೆ ಗೋಡೆಯಗಲದ ಪರದೆ ಮಾಡಿಸುವ ಮಾತಿತ್ತು. ನೂರ ಆರು ಬಾಲಗಳನ್ನು ಬುಡದಲ್ಲೇ ಕತ್ತರಿಸಿದಳು. ಕಸವನ್ನು ಕಸದ ಬುಟ್ಟಿಗೆ ಹಾಕದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಚೀಟಿ ಅಂಟಿಸಿದ ಆ ಪುಟ್ಟ ಬುಟ್ಟಿಗೇ ಹಾಕಿದಳು.

ಅಂಗಡಿಯಾಕೆ ಬುಧವಾರ ಬಂದಳು. ಎತ್ತರದ ಹೆಂಗಸು, ನಡೆದರೆ ಬಳೆಗಳೂ ಜೊತೆಗೆ ಮಾತಾಡುತ್ತಿದ್ದವು. ಕಿರಿಸೊಸೆ ಚಹಾ ಕೊಟ್ಟು, ಹೋಗದೆ ಅಲ್ಲೇ ನಿಂತಳು. ಭಾವ ಇದ್ದ. ಕಿರಿಸೊಸೆಯ ಗಂಡನೂ ಇದ್ದ. ಅವನು ಶಾಲೆಯ ವ್ಯಾನು ಓಡಿಸುವವನು, ಮನೆಯಲ್ಲಿ ಯಾರು ಕೊನೆಗೆ ಮಾತನಾಡಿದರೋ ಅವರ ಪಕ್ಷದವನು.

"ಕಾಡು ಬೇಕು," ಅಂಗಡಿಯಾಕೆ ಹೇಳಿದಳು. "ಬರೀ ಎಲೆ. ಹಸಿರಲ್ಲೇ ಹತ್ತು ಹಸಿರು."

ಕಿರಿಸೊಸೆ ಎರಡು ಡಬ್ಬಿ ಎತ್ತಿಕೊಂಡು ಅಕ್ಕನ ಮುಂದೆ ಹಿಡಿದಳು. "ಅಕ್ಕ, ಎಲೆಗೆ ಈ ಹಸಿರು ಹಾಕ್ತೀರಾ, ಆ ಹಸಿರಾ?"

ಭಾವ ಏನೋ ಹೇಳಲು ಹೋಗಿ ಕೆಮ್ಮಿದ. ಹಿರಿಸೊಸೆ ಒಂದು ಡಬ್ಬಿಯನ್ನು ಮುಟ್ಟಿ, "ಇದು" ಅಂದಳು.

"ಅದು ಕೆಂಪು, ಅಕ್ಕ," ಕಿರಿಸೊಸೆ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದಳು. "ಎರಡೂ ಕೆಂಪೇ."

ಬಳೆಗಳು ಕೂಡ ಬಾಯಿ ಮುಚ್ಚಿಕೊಂಡವು. ಕಿರಿಸೊಸೆ ಮೇಜಿನ ಖಾಲಿ ಅರ್ಧದ ಕಡೆ ನೋಡಿದಳು. ಮನಸ್ಸಿನಲ್ಲೇ ಅಲ್ಲಿ ಒಂದು ಬೀದಿ ಬಿಡಿಸಿ, ಎರಡೂ ಬದಿಗೆ ಮನೆ ಇಟ್ಟಾಗಿತ್ತು.

ಹಿರಿಸೊಸೆ ನೆಟ್ಟಗೆ ಕೂತಳು. "ಹೌದು. ಎರಡು ವರ್ಷದಿಂದ ನನಗೆ ಬಣ್ಣ ಕಾಣಲ್ಲ. ಈ ಎರಡು ವರ್ಷ ನೀವು ತಗೊಂಡು ಹೋಗಿ ಮಾರಿದ್ದೆಲ್ಲ ಕಾಣದೆ ಹೊಲಿದದ್ದೇ. ಹೊಲಿಗೆಗೆ ನನಗೆ ಬೆರಳು ಸಾಕು."

ಅಂಗಡಿಯಾಕೆಯ ಮುಖದಲ್ಲಿ ಮೊದಲು ಗಾಬರಿ ಬಂತು, ಆಮೇಲೆ ಮರುಕ ಬಂತು, ಕೊನೆಗೆ ಬಂದದ್ದು ವ್ಯಾಪಾರ. "ಅಂದ್ರೆ ಕಾಣದ ಕೈ ಹೊಲಿದ ಕಾಡು," ಅಂದಳು ಮೆಲ್ಲಗೆ. "ಹಾಗಂತ ಪಕ್ಕದಲ್ಲಿ ಒಂದು ಫಲಕ ಹಾಕಿದ್ರೆ ಹೋಟೆಲಿನವರು ತಲೆ ಮೇಲೆ ಹೊತ್ಕೋತಾರೆ. ಆದ್ರೆ ಬಣ್ಣ ತಪ್ಪಬಾರದಲ್ಲ. ಅದನ್ನ ನೋಡೋರು ಯಾರು?"

"ಇವಳಿದಾಳಲ್ಲ," ಹಿರಿಸೊಸೆ ಕೈ ಚಾಚಿದಳು. ಆ ಕೈ ಸರಿಯಾಗಿ ಕಿರಿಸೊಸೆಯ ಮಣಿಕಟ್ಟನ್ನು ಹಿಡಿಯಿತು. "ನನ್ನ ಕಷ್ಟ ನನಗಿಂತ ಮೊದಲು ತಿಳ್ಕೊಂಡವಳು. ಕೆಲಸಕ್ಕೆ ರಜೆ ಹಾಕಿ ಇಷ್ಟೆಲ್ಲ ಜೋಡಿಸಿಟ್ಟಳು, ನೋಡಿ. ಯಾವ ಬಣ್ಣ ಎಲ್ಲಿದೆ ಅಂತ ಇವಳಿಗೊಬ್ಬಳಿಗೇ ಗೊತ್ತು. ಇವಳು ಪಕ್ಕದಲ್ಲಿ ಕೂತ್ರೆ ಆರು ತಿಂಗಳಲ್ಲಿ ಕಾಡು ಮುಗಿಸಿ ಕೊಡ್ತೀನಿ."

"ನನಗೆ ಔಷಧಿ ಅಂಗಡಿ ಕೆಲಸ ಇದೆಯಲ್ಲ ಅಕ್ಕ."

"ಅದನ್ನ ಬಿಟ್ರೆ ಆಯ್ತು," ಅವಳ ಗಂಡ ಹೇಳಿದ. "ಅತ್ತಿಗೆಗಿಂತ ಹೆಚ್ಚಾ ಅದು?"

ಅಂಗಡಿಯಾಕೆ ಕಿರಿಸೊಸೆಯ ಗಲ್ಲ ಮುಟ್ಟಿ, ಈ ಕಾಲದಲ್ಲಿ ಇಂಥ ಮನೆ ಸಿಗುವುದು ಅಪರೂಪ ಎಂದು ಕಣ್ಣೊರೆಸಿಕೊಂಡಳು.

ಎಲ್ಲರೂ ಹೋದ ಮೇಲೆ ಕೋಣೆಯಲ್ಲಿ ಸೊಸೆಯರಿಬ್ಬರೇ ಉಳಿದರು. ಹಿರಿಸೊಸೆ ಸೊಂಟದ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಒಳಗೆ ದಾರದ ತುಂಡುಗಳು, ಗಂಟು ಗಂಟು.

"ಬುಟ್ಟೀಲಿ ಸಿಕ್ಕವು. ಕಸ ಅಂತ ಬರೆದಿದೀಯಂತೆ, ನನಗೆ ಓದಕ್ಕಾಗಲ್ಲ, ನಿಮ್ಮ ಭಾವ ಹೇಳಿದ್ರು. ಮೊದಲ ಸಲ ನೀನು ತಿಳೀದೆ ಕತ್ತರಿಸಿದೆ. ಅದಕ್ಕೆ ನಾನು ಅತ್ತು ಸುಮ್ಮನಾದೆ, ನಿನ್ನ ಬೈಲಿಲ್ಲ. ಎರಡನೇ ಸಲದ್ದಕ್ಕೆ ಏನು ಹೇಳ್ತೀಯ?"

ಕಿರಿಸೊಸೆ ಬುಟ್ಟಿಯ ಚೀಟಿಯ ಕಡೆ ನೋಡಿದಳು.

"ಹೇಳಬೇಡ. ನಾನೂ ಯಾರಿಗೂ ಹೇಳಲ್ಲ. ನಾಳೆ ಏಳು ಗಂಟೆಗೆ ಬಾ."

ಹೀಗೆ ಕಿರಿಸೊಸೆಗೆ ಕೊನೆಗೂ ಆ ಕೋಣೆಯಲ್ಲಿ ಜಾಗ ಸಿಕ್ಕಿತು, ಅಕ್ಕನ ಮೊಣಕಾಲಿನ ಹತ್ತಿರ ಒಂದು ಗಿಡ್ಡ ಸ್ಟೂಲು. ಏಳರಿಂದ ಏಳರವರೆಗೆ. "ತಿಳಿ ಹಸಿರು." ಕೊಡುವುದು. "ಗಾಢ." ಕೊಡುವುದು. "ಸೂಜಿ." ಪೋಣಿಸಿ ಕೊಡುವುದು. ಪೋಣಿಸುವುದು ತಡವಾದರೆ ಅಕ್ಕನ ಬೆರಳು ಮೇಜಿನ ಮೇಲೆ ಟಕಟಕ ಬಡಿಯುತ್ತಿತ್ತು. ನೋಡಲು ಬಂದವರ ಮುಂದೆ ಅಕ್ಕ ಅವಳ ತಲೆ ಸವರಿ, "ಜಾಗ ಅಚ್ಚುಕಟ್ಟಾದ್ರೆ ಕಲ್ಪನೆಗೆ ರೆಕ್ಕೆ ಬರುತ್ತಂತೆ, ನಮ್ಮ ಹುಡುಗಿ ಹೇಳೋದು" ಅನ್ನುತ್ತಿದ್ದಳು. ಕಿಟಕಿಯ ಬೆಳಕು ಮೇಜಿನ ಖಾಲಿ ಅರ್ಧದ ಮೇಲೆ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿತ್ತು. ಅಲ್ಲಿ ಏನನ್ನೂ ಇಡುವಂತಿರಲಿಲ್ಲ.

ಒಂದು ತಿಂಗಳಿಗೆ ಅವಳು ಸೋತಳು. ತಪ್ಪು ಬಣ್ಣ ಕೊಟ್ಟುಬಿಡಲೇ ಅಂತಲೂ ಯೋಚಿಸಿದಳು. ಆದರೆ ಸಂಜೆ ಭಾವ ಭೂತಗನ್ನಡಿ ಇಟ್ಟುಕೊಂಡು ಎಲೆ ಎಲೆಯನ್ನೂ ನೋಡುತ್ತಿದ್ದ. ಕೊನೆಗೆ ಒಂದು ದಿನ ಸ್ಟೂಲಿನಿಂದ ಇಳಿದು ಅಕ್ಕನ ಕಾಲ ಬಳಿ ಕೂತಳು.

"ಅಕ್ಕ, ನಾನು ಮಾಡಿದ್ದು ತಪ್ಪು. ಬೇಕಂತಲೇ ಮಾಡಿದೆ. ನಿಮ್ಮ ಗಂಟೆಲ್ಲ ನಾನೇ ಮತ್ತೆ ಹಾಕಿಕೊಡ್ತೀನಿ. ಇನ್ನೂರ ಹನ್ನೆರಡಕ್ಕೂ. ಆಮೇಲೆ ನಿಮಗೆ ನಾನು ಬೇಕಾಗಲ್ಲ. ನನ್ನ ಬಿಟ್ಟುಬಿಡಿ."

ಹಿರಿಸೊಸೆ ಬಹಳ ಹೊತ್ತು ಹೊಲಿದಳು. "ತಿಳಿಯಾದ ಬಣ್ಣಕ್ಕೆ ಗಂಟು ತುದೀಲೇ ಬರಬೇಕು," ಅಂದಳು. "ಗಾಢ ಆದ್ರೆ ಒಂದು ಬೆರಳು ಮೇಲೆ. ಕಪ್ಪಿಗೆ ಬೇಡ."

ಹನ್ನೊಂದು ದಿನ, ಸಂಜೆ ಏಳರ ಮೇಲೆ ಒಂದು ಗಂಟೆ, ಕಿರಿಸೊಸೆ ಗಂಟು ಹಾಕಿದಳು. ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಅವಳು ಏನನ್ನೂ ಮಾಡಿರಲಿಲ್ಲ. ಪ್ರತಿ ಬಾಲವೂ ಒಂದೇ ಉದ್ದ, ಪ್ರತಿ ಗಂಟೂ ಒಂದೇ ಗಾತ್ರ. ಗಂಟು ಹಾಕುತ್ತಾ ಅಕ್ಕನ ಮೇಲೆ ಒಂದು ಬಗೆಯ ಪ್ರೀತಿಯೂ ಹುಟ್ಟಿಬಿಟ್ಟಿತು. ಕೊನೆಯ ದಿನ ಅಕ್ಕ ಲಡಿಗಳನ್ನು ಒಂದೊಂದಾಗಿ ಸವರಿ ಬಣ್ಣ ಹೇಳುತ್ತಾ ಹೋದಳು. ಒಂದೂ ತಪ್ಪಲಿಲ್ಲ.

"ನಾಳೆ ಬೆಳಿಗ್ಗೆ ರಜೆ ತಗೋ," ಅಂದಳು.

ಮರುದಿನ ಕಿರಿಸೊಸೆ ಔಷಧಿ ಅಂಗಡಿಗೆ ಹೋದಳು. ಸೋಮವಾರದಿಂದ ಬಾ ಎಂದು ಮಾಲೀಕ ಹೇಳಿದ. ಅವಳ ಖಾನೆಗಳನ್ನೆಲ್ಲ ಹೊಸಬಳು ಕಲಸಿಬಿಟ್ಟಿದ್ದಳಂತೆ. ಅವಳು ಹಗುರಾಗಿ ಮನೆಗೆ ಬಂದಳು. ಅಕ್ಕ ಈಗ ಇಲ್ಲ ಅನ್ನಲಾರಳು ಅನ್ನಿಸಿತು. ಮಂಚದಡಿಯಿಂದ ಸೂಟ್‌ಕೇಸು ಎಳೆದು, ಧೂಳು ಒರೆಸಿ, ತನ್ನ ಊರನ್ನು ಎತ್ತಿಕೊಂಡು ಮಹಡಿ ಹತ್ತಿದಳು.

ಮೇಜಿನ ಖಾಲಿ ಅರ್ಧ ಖಾಲಿ ಇರಲಿಲ್ಲ. ಇನ್ನೂರ ಹನ್ನೆರಡು ಲಡಿಗಳೂ ಡಬ್ಬಿಯಿಂದ ಹೊರಬಂದು ಅಲ್ಲಿ ಒಂದೇ ರಾಶಿಯಾಗಿ ಬಿದ್ದಿದ್ದವು. ಪಕ್ಕದಲ್ಲಿ ಭಾವ ಒಂದೊಂದೇ ಲಡಿ ಎತ್ತಿ ಕೊಡುತ್ತಿದ್ದ. ಕಿರಿಸೊಸೆಯನ್ನು ನೋಡಿ, ಭೂತಗನ್ನಡಿ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದ. ಹಿರಿಸೊಸೆಯ ಕೈಯಲ್ಲಿ ಕತ್ತರಿ ಇತ್ತು, ಕಿರಿಸೊಸೆಯದೇ ಚೂಪು ಕತ್ತರಿ. ಅವಳ ಮಡಿಲ ತುಂಬ ಬಾಲಗಳಿದ್ದವು. ಕೊನೆಯದೊಂದನ್ನು ಬೆರಳಿನಿಂದ ಹುಡುಕಿ, ಬುಡದಲ್ಲಿ ಕತ್ತರಿಸಿ, ಲಡಿಯನ್ನು ರಾಶಿಗೆ ಎಸೆದಳು.

"ಅಕ್ಕ," ಕಿರಿಸೊಸೆ ಅಂದಳು.

"ಅಂದಗೇಡಿ ಅಂತ ನೀನೇ ಅಲ್ವಾ ಹೇಳಿದ್ದು." ಹಿರಿಸೊಸೆ ಎದ್ದು ಮಡಿಲನ್ನು ಬುಟ್ಟಿಗೆ ಕೊಡವಿದಳು. ಬುಟ್ಟಿ ಎಲ್ಲಿದೆಯೆಂದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. "ಗಂಟಿಲ್ಲದ್ದು ಕಪ್ಪು. ಈಗ ನನ್ನ ಹತ್ತಿರ ಇರೋದೆಲ್ಲ ಕಪ್ಪೇ ಕಣೇ. ಅದೇನು ಕೈಲಿ, ಕೆಳಗಿಡು. ತಿಳಿ ಹಸಿರು ಬೇಕು, ಹುಡುಕಿ ಕೊಡು."

ಕಿರಿಸೊಸೆ ಸೂಟ್‌ಕೇಸನ್ನು ಬಾಗಿಲ ಹೊರಗಿಟ್ಟು, ಗಿಡ್ಡ ಸ್ಟೂಲಿನ ಮೇಲೆ ಕೂತು, ಹುಡುಕತೊಡಗಿದಳು.